ಮನೆಯ ಹಳೆಯ ಕಂಪ್ಯೂಟರ್‌ಗೆ ಯಾವ ಲಸಿಕೆ?

(ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರಿಂದ)



ಈಚೆಗೆ ಒಂದು ಸಂಘದ ವ್ಯಾಪ್ತಿಯಿಂದ ತುರ್ತು ಕರೆ ಬಂದಿತು. ಕರು ಹಾಕಿ ಎರಡು ದಿನವಾಗಿದ್ದ ಮಿಶ್ರತಳಿ ಹಸು ಹಾಲುಜ್ವರದಿಂದ ನೆಲ ಹಿಡಿದಿತ್ತು. ಕ್ಯಾಲ್ಸಿಯಂ ಕೊಟ್ಟ ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. ನಾನು ಕೈ ತೊಳೆಯುತ್ತಿದ್ದಾಗ ಮನೆಯ ಹಿರಿಯರಾದ ಅಜ್ಜಿ ಹೇಳಿದರು: “ಡಾಕ್ಟ್ರೇ, ಹಸಕ್ಕೆ ಹೆಂಗೂ ಮದ್ದು ಕೊಟ್ರಿ. ನಮ್ಮ ಮೊಮ್ಮಗನ ಕಂಪ್ಯೂಟ್ರಿಗೂ ಅದೇನೋ ವೈರಸ್ ಬಂದದಂತೆ. ಅದಕ್ಕೂ ಒಂದು ಸೂಜಿ ಚುಚ್ಚಿಬಿಟ್ಟು ಹೋಗಿ.”

ಎಲ್ಲರೂ ನಕ್ಕೆವು. ಆದರೆ ಬಿ.ಕಾಂ. ಓದುತ್ತಿರುವ ಮೊಮ್ಮಗ ನಗಲಿಲ್ಲ. “ಸಾರ್, ಪಟ್ಟಣದ ಅಂಗಡಿಯವರು ಮೂರು ವರ್ಷದ ಆಂಟಿವೈರಸ್ ಹಾಕಿಸ್ಕೊಳ್ಳಿ ಅಂದಿದಾರೆ. ಮುಂದಿನ ಬಟವಾಡೆ ಬಂದ್ಮೇಲೆ ಹಾಕ್ಸೋಣ ಅಂತ ಅಜ್ಜಿ ಹೇಳಿದ್ರು. ಹಾಕಿಸ್ಬೇಕಾ ಸಾರ್?” ಎಂದು ಕೇಳಿದ.

ಚಿಕಿತ್ಸೆಗೆ ಹೋದಲ್ಲೆಲ್ಲ ಈಗ ಇಂತಹ ಪ್ರಶ್ನೆ ಬರುತ್ತಿದೆ. ಮಕ್ಕಳ ಓದಿಗೆಂದು ಎಷ್ಟೋ ಮನೆಗಳಲ್ಲಿ ಹಳೆಯ ಕಂಪ್ಯೂಟರ್ ಬಂದು ಕುಳಿತಿದೆ. ಹಾಲಿನ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಆ ಖಾತೆಯನ್ನು ಅದೇ ಕಂಪ್ಯೂಟರ್‌ನಲ್ಲಿ ತೆರೆದು ನೋಡುವವರೂ ಇದ್ದಾರೆ. ಆದ್ದರಿಂದ ಇದು ಮಕ್ಕಳ ಆಟದ ವಿಷಯವಾಗಿ ಉಳಿದಿಲ್ಲ, ಹಾಲಿನ ಹಣದ ವಿಷಯವೂ ಆಗಿದೆ.

ನಾನು ಕಂಪ್ಯೂಟರ್ ತಜ್ಞನಲ್ಲ. ಒಮ್ಮೆ ನಷ್ಟ ಮಾಡಿಕೊಂಡು ಕಲಿತವನು. ಕಲಿತದ್ದನ್ನು ಎರಡು ಮಾತಿನಲ್ಲಿ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಲ್ಲಿ ಆಂಟಿವೈರಸ್‌ಗೆಂದು ದುಡ್ಡು ಖರ್ಚು ಮಾಡುವ ಅಗತ್ಯವೇ ಇಲ್ಲ. ಇನ್ನು ಕೆಲವು ಮನೆಗಳಲ್ಲಿ ಎಷ್ಟು ಖರ್ಚು ಮಾಡಿದರೂ ಪ್ರಯೋಜನವಿಲ್ಲ. ನಿಮ್ಮ ಮನೆಯ ಕಂಪ್ಯೂಟರ್ ಯಾವ ಗುಂಪಿನದು ಎಂದು ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ಉದ್ದೇಶ.

ಕಂಪ್ಯೂಟರ್ ವೈರಸ್ ಎಂದರೇನು?

ಇದು ಜೀವಾಣುವಲ್ಲ. ಯಾರೋ ಬೇಕೆಂದೇ ಬರೆದ ಕೆಡುಕಿನ ಪ್ರೋಗ್ರಾಂ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬುದು ಪಿ.ಸಿ.ಗಳಲ್ಲಿ ಹರಡಿದ ಮೊದಲ ವೈರಸ್ ಎನ್ನಲಾಗುತ್ತದೆ. ಅದು ಫ್ಲಾಪಿಯಿಂದ ಫ್ಲಾಪಿಗೆ ಹೋಗುತ್ತಿತ್ತು. ಫ್ಲಾಪಿಯ ಜಾಗಕ್ಕೆ ಈಗ ಪೆನ್‌ಡ್ರೈವ್, ಇ-ಮೇಲ್‌ನಲ್ಲಿ ಬರುವ ಕಡತ ಮತ್ತು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ‘ಪುಕ್ಕಟೆ’ ತಂತ್ರಾಂಶಗಳು ಬಂದಿವೆ. ಸಂತೆಗೆ ಹೋದ ರಾಸು ಕಾಲುಬಾಯಿ ಜ್ವರ ಹತ್ತಿಸಿಕೊಂಡು ಬಂದು ಊರಿಗೆಲ್ಲ ಹರಡುವ ಹಾಗೆಯೇ ಇದೂ.

ಅಂದಿನ ವೈರಸ್‌ಗಳಲ್ಲಿ ಹಲವು ಕೀಟಲೆಗೆಂದು ಬರೆದವು. ಇಂದಿನವು ಹೆಚ್ಚಾಗಿ ಹಣಕ್ಕಾಗಿ ಬರೆದವು. ಅವು ಮಾಡುವ ಹಾನಿ ಮುಖ್ಯವಾಗಿ ಮೂರು ಬಗೆ:

1. ನಿಮ್ಮ ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವುದು.
2. ಬ್ಯಾಂಕ್ ಮತ್ತು ಇ-ಮೇಲ್ ಪಾಸ್‌ವರ್ಡ್‌ಗಳನ್ನು ಕದ್ದು ಕಳುಹಿಸುವುದು.
3. ನಿಮ್ಮ ಕಂಪ್ಯೂಟರ್‌ನಿಂದಲೇ ಬೇರೆಯವರಿಗೆ ಹರಡುವುದು.

ಆಂಟಿವೈರಸ್ ಇದಕ್ಕೆ ಲಸಿಕೆಯಂತೆ. ಕಾಲುಬಾಯಿ ಜ್ವರದ ವೈರಸ್‌ನಲ್ಲಿ ಏಳು ಬಗೆಗಳಿವೆ. ನಮ್ಮ ದೇಶದಲ್ಲಿ ಕೊಡುವ ಲಸಿಕೆ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳಿಗೆ ಹೊಂದುವಂತಹುದು. ಒಂದು ಬಗೆಯ ಲಸಿಕೆ ಇನ್ನೊಂದು ಬಗೆಯನ್ನು ತಡೆಯುವುದಿಲ್ಲ. ಆಂಟಿವೈರಸ್ ಕೂಡ ತನಗೆ ಗುರುತು ಸಿಕ್ಕ ವೈರಸ್‌ಗಳನ್ನೇ ಮುಖ್ಯವಾಗಿ ಹಿಡಿಯುತ್ತದೆ. ಅನುಮಾನದ ನಡವಳಿಕೆ ಕಂಡು ಹೊಸದನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಹೊಸ ವೈರಸ್‌ಗಳು ದಿನವೂ ಬರುವುದರಿಂದ ಅವುಗಳ ಗುರುತಿನ ಪಟ್ಟಿಯನ್ನು ಇಂಟರ್ನೆಟ್ ಮೂಲಕ ದಿನವೂ ತರಿಸಿಕೊಳ್ಳಬೇಕು. ಇದಕ್ಕೆ ಅಪ್‌ಡೇಟ್ ಎನ್ನುತ್ತಾರೆ. ಅಪ್‌ಡೇಟ್ ನಿಂತ ಆಂಟಿವೈರಸ್ ಅವಧಿ ಮೀರಿದ ಲಸಿಕೆಯ ಬಾಟಲಿಯಂತೆ. ಹಾಕಿಸಿದ್ದೇವೆ ಎಂಬ ಸಮಾಧಾನ ಇರುತ್ತದೆ, ರಕ್ಷಣೆ ಇರುವುದಿಲ್ಲ.

ನನ್ನ ಮನೆಯಲ್ಲೇ ಆದದ್ದು

2019ರಲ್ಲಿ ನಮ್ಮ ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇತ್ತು. ವಿಂಡೋಸ್ 7, 2 ಜಿ.ಬಿ. ರ‍್ಯಾಮ್. ಅದರಲ್ಲಿ ಎರಡು ಆಂಟಿವೈರಸ್‌ಗಳಿದ್ದವು. ಒಂದು, ಕೊಳ್ಳುವಾಗಲೇ ಬಂದಿದ್ದ ಪ್ರಾಯೋಗಿಕ ಅವಧಿಯದು, ಅವಧಿ ಮುಗಿದು ವರ್ಷವಾಗಿತ್ತು. ಇನ್ನೊಂದು ಉಚಿತವಾಗಿ ಇಳಿಸಿಕೊಂಡದ್ದು. ಎರಡೂ ಸೇರಿ ಯಂತ್ರ ಎಷ್ಟು ನಿಧಾನವಾಗಿತ್ತೆಂದರೆ, ಬೆಳಿಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ ಬಂದರೆ ಸರಿಯಾಗುತ್ತಿತ್ತು.

ಮಗಳಿಗೆ ಫೋಟೋ ತಿದ್ದುವ ದುಬಾರಿ ತಂತ್ರಾಂಶವೊಂದು ಬೇಕಾಗಿತ್ತು. ಪರಿಚಿತರೊಬ್ಬರು ಅದರ ‘ಕ್ರ್ಯಾಕ್’ ಅಂದರೆ ಕಳ್ಳ ಪ್ರತಿ ಸಿಗುವ ತಾಣವನ್ನು ತೋರಿಸಿದರು. ಅದರೊಂದಿಗಿದ್ದ ಸೂಚನೆಯಲ್ಲಿ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದಿತ್ತು. ಬೇಡ ಎನ್ನಬೇಕಾದವನು ನಾನು. ಆದರೆ ನಾನೇ ಆಫ್ ಮಾಡಿಕೊಟ್ಟೆ.

ಮರುದಿನ ಬೆಳಿಗ್ಗೆ ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ವಿಚಿತ್ರವಾದ ಅಕ್ಷರಗಳು ಸೇರಿಕೊಂಡಿದ್ದವು. ಯಾವುದೂ ತೆರೆಯಲಿಲ್ಲ. ಜೊತೆಗೆ ಒಂದು ಚೀಟಿ: ಬಿಡಿಸಲು 980 ಡಾಲರ್, 72 ಗಂಟೆಯೊಳಗೆ ಕೊಟ್ಟರೆ ಅರ್ಧ. 980 ಡಾಲರ್ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 68 ಸಾವಿರ ರೂಪಾಯಿ, ಒಂದು ಒಳ್ಳೆಯ ಹಸುವಿನ ಬೆಲೆ. ನಾವು ಕೊಡಲಿಲ್ಲ. ಕೊಟ್ಟರೂ ಕಡತ ಬರುತ್ತದೆಂಬ ಖಾತ್ರಿ ಇರಲಿಲ್ಲ. ಮಗಳ ಪ್ರಾಜೆಕ್ಟ್ ಹೋಯಿತು. ರೈತರ ತರಬೇತಿಗೆಂದು ನಾನು ವರ್ಷಗಳಿಂದ ಕೂಡಿಟ್ಟಿದ್ದ ರಾಸುಗಳ ರೋಗಚಿಹ್ನೆಯ ಚಿತ್ರಗಳು ಹೋದವು. ನನ್ನ ತಂದೆಯವರ ಕೊನೆಯ ದಿನಗಳ ಫೋಟೋಗಳೂ ಹೋದವು. ಯಾವುದೋ ತರಬೇತಿಗೆಂದು ಪೆನ್‌ಡ್ರೈವ್‌ಗೆ ಹಾಕಿ ಚೀಲದಲ್ಲಿ ಇಟ್ಟಿದ್ದ ಸುಮಾರು ನಲವತ್ತು ಚಿತ್ರಗಳು ಮಾತ್ರ ಉಳಿದವು.

ಇದರಿಂದ ನಾನು ಕಲಿತದ್ದು ಇಷ್ಟು. ಆಂಟಿವೈರಸ್ ಎಷ್ಟಿದೆ ಎಂಬುದಕ್ಕಿಂತ, ಇರುವ ಒಂದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ಮುಖ್ಯ. ಒಂದೇ ಗೂಟಕ್ಕೆ ಎರಡು ಹೋರಿ ಕಟ್ಟಿದರೆ ಅವು ಒಂದನ್ನೊಂದು ಹಾಯುತ್ತವೆಯೇ ಹೊರತು ಕಳ್ಳನನ್ನು ತಡೆಯುವುದಿಲ್ಲ.

ಮೊದಲು ಹಲ್ಲು ಹಿಡಿದು ವಯಸ್ಸು ನೋಡಿ

ರಾಸು ಕೊಳ್ಳುವಾಗ ಹಲ್ಲು ನೋಡುತ್ತೇವೆ. ಆಂಟಿವೈರಸ್ ಆರಿಸುವ ಮುನ್ನವೂ ಕಂಪ್ಯೂಟರ್‌ನ ವಯಸ್ಸು ನೋಡಬೇಕು. ಮೂರು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲನೆಯದು ವಿಂಡೋಸ್ ಯಾವುದು ಎಂಬುದು. ಕೀಲಿಮಣೆಯಲ್ಲಿ ಕಿಟಕಿಯ ಚಿತ್ರವಿರುವ ಕೀಲಿ ಮತ್ತು ‘ಆರ್’ ಕೀಲಿಯನ್ನು ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಡಬ್ಲ್ಯು-ಐ-ಎನ್-ವಿ-ಇ-ಆರ್ ಎಂಬ ಆರು ಅಕ್ಷರ ಹೊಡೆದು ಎಂಟರ್ ಒತ್ತಿದರೆ ವಿಂಡೋಸ್ 7, 8.1, 10 ಅಥವಾ 11 ಎಂದು ತೋರಿಸುತ್ತದೆ.

ಎರಡನೆಯದು ರ‍್ಯಾಮ್ ಎಷ್ಟು, ಮೂರನೆಯದು 32-ಬಿಟ್ ಅಥವಾ 64-ಬಿಟ್ ಎಂಬುದು. ‘ದಿಸ್ ಪಿಸಿ’ ಅಥವಾ ‘ಮೈ ಕಂಪ್ಯೂಟರ್’ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ಎರಡೂ ಕಾಣುತ್ತವೆ. ರ‍್ಯಾಮ್ ಕಡಿಮೆಯಿದ್ದಷ್ಟೂ ಆಂಟಿವೈರಸ್‌ನ ಭಾರ ಹೆಚ್ಚಾಗಿ ಕಾಣುತ್ತದೆ. 4 ಜಿ.ಬಿ. ಇದ್ದರೆ ಸಾಧಾರಣ ಕೆಲಸ ನಡೆಯುತ್ತದೆ. 2 ಜಿ.ಬಿ. ಇದ್ದರೆ ಕಷ್ಟ.

ವಿಂಡೋಸ್‌ಗೂ ಆಯಸ್ಸು ಇದೆ

ಇದು ಬಹಳ ಮುಖ್ಯವಾದ ಭಾಗ. ಸದಸ್ಯರು ನಿಧಾನವಾಗಿ ಓದಬೇಕು.

ವಿಂಡೋಸ್‌ನಲ್ಲಿ ಆಗಾಗ ಬಿರುಕುಗಳು ಕಂಡುಬರುತ್ತವೆ. ವೈರಸ್ ಬರೆಯುವವರು ಅವುಗಳ ಮೂಲಕ ನುಗ್ಗುತ್ತಾರೆ. ತಯಾರಕರಾದ ಮೈಕ್ರೋಸಾಫ್ಟ್ ಕಂಪನಿ ಆ ಬಿರುಕುಗಳಿಗೆ ತೇಪೆಗಳನ್ನು ಉಚಿತವಾಗಿ ಕಳುಹಿಸುತ್ತಿರುತ್ತದೆ. ಆದರೆ ಪ್ರತಿ ವಿಂಡೋಸ್‌ಗೂ ಒಂದು ಕೊನೆಯ ದಿನವಿದೆ. ಆಮೇಲೆ ಸಾಮಾನ್ಯ ಬಳಕೆದಾರರಿಗೆ ತೇಪೆ ಬರುವುದಿಲ್ಲ. ಆ ದಿನಗಳು ಹೀಗಿವೆ:

ವಿಂಡೋಸ್ ಎಕ್ಸ್‌ಪಿ: 2014ರ ಏಪ್ರಿಲ್ 8
ವಿಂಡೋಸ್ 7: 2020ರ ಜನವರಿ 14
ವಿಂಡೋಸ್ 8.1: 2023ರ ಜನವರಿ 10
ವಿಂಡೋಸ್ 10: 2025ರ ಅಕ್ಟೋಬರ್ 14

ತೇಪೆಯ ಬೆಲೆ ಏನೆಂಬುದು 2017ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಆ ವರ್ಷದ ಮೇ 12ರಂದು ‘ವಾನಾಕ್ರೈ’ ಎಂಬ ವೈರಸ್ ಹರಡಲು ತೊಡಗಿ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ನಮ್ಮ ನೆರೆಯ ವಯನಾಡು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಕೇಳಿದ ಹಣ 300 ಡಾಲರ್. ಅದು ನುಗ್ಗಿದ ಬಿರುಕಿಗೆ ತೇಪೆ ಎರಡು ತಿಂಗಳ ಮೊದಲೇ, ಅಂದರೆ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡವರಿಗೆ ಆ ಬಿರುಕಿನ ಭಯವಿರಲಿಲ್ಲ. ಹಾಕಿಕೊಳ್ಳದವರು ಸಿಕ್ಕಿದರು.

ಕೊಟ್ಟಿಗೆಯ ಗೋಡೆ ಬಿದ್ದಿರುವಾಗ ಬಾಗಿಲಿಗೆ ಎಷ್ಟು ದೊಡ್ಡ ಬೀಗ ಹಾಕಿದರೂ ಚಿರತೆ ಬರುತ್ತದೆ. ತೇಪೆ ನಿಂತ ವಿಂಡೋಸ್ ಎಂದರೆ ಬಿದ್ದ ಗೋಡೆ. ಆಂಟಿವೈರಸ್ ಎಂದರೆ ಬೀಗ. ಅಂಗಡಿಯವರು ಬೀಗ ಮಾರುತ್ತಾರೆ. ಗೋಡೆ ನೋಡಿಕೊಳ್ಳಬೇಕಾದವರು ನಾವು.

ಮನೆಯಲ್ಲೇ ಇರುವ ಲಸಿಕೆ

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಜೊತೆಗೇ ‘ಡಿಫೆಂಡರ್’ ಎಂಬ ಪೂರ್ಣ ಆಂಟಿವೈರಸ್ ಬರುತ್ತದೆ. ಇದಕ್ಕೆ ಬೇರೆ ಹಣವಿಲ್ಲ, ನವೀಕರಣದ ಶುಲ್ಕವಿಲ್ಲ. ವಿಂಡೋಸ್ 7ರಲ್ಲೂ ಡಿಫೆಂಡರ್ ಎಂಬ ಹೆಸರಿನದೊಂದು ಇತ್ತು. ಅದು ಪೂರ್ಣ ಆಂಟಿವೈರಸ್ ಅಲ್ಲ. ಹೆಸರು ನೋಡಿ ಮೋಸ ಹೋಗಬಾರದು.

“ಪುಕ್ಕಟೆ ಬಂದದ್ದು ಎಷ್ಟು ಚೆನ್ನಾಗಿದ್ದೀತು?” ಎಂದು ಹಲವರು ಕೇಳುತ್ತಾರೆ. ಹಾಲನ್ನು ಬಣ್ಣ ನೋಡಿ ಅಳೆಯುವುದಿಲ್ಲ. ಜಿಡ್ಡು ಮತ್ತು ಎಸ್.ಎನ್.ಎಫ್. ಪರೀಕ್ಷಿಸಿ ದರ ಕಟ್ಟುತ್ತೇವೆ. ಆಂಟಿವೈರಸ್‌ಗಳನ್ನೂ ಹೀಗೆ ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಜರ್ಮನಿಯ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಅವುಗಳಲ್ಲಿ ಪ್ರಮುಖವಾದವು. ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆ ಎಂಬ ಮೂರು ವಿಷಯಗಳಿಗೆ ತಲಾ 6ರಂತೆ 18 ಅಂಕ ಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಪೂರ್ಣ ಅಂಕ ಅಥವಾ ಅದರ ಸಮೀಪದ ಅಂಕ ಪಡೆಯುತ್ತಾ ಬಂದಿದೆ.

ಡಿಫೆಂಡರ್‌ಗೆ ಒಂದು ಕೊರತೆಯೂ ಇದೆ. ಅದು ಎಲ್ಲಕ್ಕಿಂತ ಹಗುರವಾದದ್ದಲ್ಲ. ಹಳೆಯ ತಿರುಗುವ ಡಿಸ್ಕ್ ಇರುವ ಯಂತ್ರದಲ್ಲಿ ಪೂರ್ಣ ತಪಾಸಣೆ ನಡೆಯುವಾಗ ಬೇರೆ ಕೆಲಸ ಮಾಡಲಾಗುವುದಿಲ್ಲ. ಪೂರ್ಣ ತಪಾಸಣೆಯನ್ನು ಸಂಜೆ ಹಾಲು ಹಾಕಲು ಹೋಗುವ ಮುನ್ನ ಆರಂಭಿಸಿ ಬಿಟ್ಟರಾಯಿತು.

ಡಿಫೆಂಡರ್ ಇರುವ ಎಷ್ಟೋ ಮನೆಗಳಲ್ಲಿ ಅದು ನಿದ್ದೆ ಮಾಡುತ್ತಿರುತ್ತದೆ. ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ. ಆ ಇನ್ನೊಂದರ ಅವಧಿ ಮುಗಿದು ಅದು ಸುಮ್ಮನೆ ಕುಳಿತಿದ್ದರೆ ಮನೆಗೆ ನೆಟ್ಟಗೆ ಕಾವಲು ಇಲ್ಲದಂತಾಗಬಹುದು. ಆದ್ದರಿಂದ ಅವಧಿ ಮುಗಿದ ಆಂಟಿವೈರಸ್ಸನ್ನು ಕಂಟ್ರೋಲ್ ಪ್ಯಾನೆಲ್ ಮೂಲಕ ತೆಗೆದುಹಾಕಿ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿ, ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಹಸಿರು ಗುರುತು ಬಂದಿದೆಯೇ ನೋಡಬೇಕು. ಅಲ್ಲಿಯೇ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಎಂಬಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಗುಂಡಿ ಇದೆ. ಅದನ್ನು ನಾವಾಗಿ ಆನ್ ಮಾಡಿಕೊಂಡರೆ ಅಪರಿಚಿತ ಪ್ರೋಗ್ರಾಂಗಳು ನಮ್ಮ ಫೋಟೋ ಮತ್ತು ದಾಖಲೆಗಳನ್ನು ಮುಟ್ಟದಂತೆ ತಡೆಯುತ್ತದೆ.

ಯಾವ ಕಂಪ್ಯೂಟರ್‌ಗೆ ಏನು ಮಾಡಬೇಕು?

ಅ) ವಿಂಡೋಸ್ 11 ಇದ್ದರೆ: ಡಿಫೆಂಡರ್ ಸಾಕು. ಅಪ್‌ಡೇಟ್ ನಿಲ್ಲಿಸಬೇಡಿ. ಖರ್ಚು ಸೊನ್ನೆ.

ಆ) ವಿಂಡೋಸ್ 10 ಇದ್ದರೆ: ಯಂತ್ರ ವಿಂಡೋಸ್ 11ಕ್ಕೆ ಒಗ್ಗುವುದಾದರೆ ಬದಲಿಸಿಕೊಳ್ಳಿ. ಆದರೆ ಹಳೆಯ ಯಂತ್ರಗಳಲ್ಲಿ ಬಹುಪಾಲು ಒಗ್ಗುವುದಿಲ್ಲ. ಅದಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಈಚಿನ ಪ್ರೊಸೆಸರ್ ಬೇಕು. ಒಗ್ಗದ ಯಂತ್ರಗಳಿಗೆಂದು ಮೈಕ್ರೋಸಾಫ್ಟ್ ತೇಪೆಗಳನ್ನು ಮುಂದುವರಿಸುವ ಯೋಜನೆ ತಂದಿತು. 2025ರಲ್ಲಿ ಪ್ರಕಟಿಸಿದಂತೆ ಮನೆ ಬಳಕೆದಾರರಿಗೆ ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸೆಟ್ಟಿಂಗ್‌ಗಳನ್ನು ಸೇರಿಸಿಕೊಂಡವರಿಗೆ ಹಣವಿಲ್ಲದೆ ಸೇರುವ ದಾರಿಯನ್ನೂ ಕೊಟ್ಟಿತು. ‘ವಿಂಡೋಸ್ ಅಪ್‌ಡೇಟ್’ ಪುಟದಲ್ಲಿ ಇದರ ಕೊಂಡಿ ಕಾಣುತ್ತದೆ. ಡಿಫೆಂಡರ್‌ನ ಗುರುತಿನ ಪಟ್ಟಿ ಮಾತ್ರ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೆ ಬರುವುದೆಂದು ಹೇಳಲಾಗಿದೆ. ನೆನಪಿಡಿ, ಬೀಗ 2028ರವರೆಗೆ ಗಟ್ಟಿಯಿದ್ದರೂ ತೇಪೆ ನಿಂತ ದಿನದಿಂದ ಗೋಡೆ ಸೋರುತ್ತದೆ. ತೇಪೆ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಇ) ವಿಂಡೋಸ್ 7 ಅಥವಾ 8.1, ಆದರೆ 64-ಬಿಟ್ ಮತ್ತು 4 ಜಿ.ಬಿ. ರ‍್ಯಾಮ್ ಇದ್ದರೆ: ಆಂಟಿವೈರಸ್‌ಗೆ ದುಡ್ಡು ಹಾಕುವ ಬದಲು ವಿಂಡೋಸ್ ತೆಗೆದು ‘ಲಿನಕ್ಸ್ ಮಿಂಟ್’ ಹಾಕಿಸುವುದನ್ನು ಯೋಚಿಸಿ. ಇದು ಉಚಿತ. ಇದರ ಎಕ್ಸ್‌ಎಫ್‌ಸಿಇ ಎಂಬ ಆವೃತ್ತಿ ಹಳೆಯ ಯಂತ್ರಗಳಿಗೆ ಹಗುರ. ವಿಂಡೋಸ್‌ಗೆ ಬರೆದ ವೈರಸ್‌ಗಳು ಇದರಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ ನೋಡಿ, ಒಪ್ಪಿಗೆಯಾದ ಮೇಲೆ ಹಾಕಿಸಬಹುದು. ಆದರೆ ಹಳೆಯ ನುಡಿ, ಟ್ಯಾಲಿ ಮುಂತಾದ ವಿಂಡೋಸ್ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಅಂತಹ ಕೆಲಸ ಬಿಡಲಾಗದಿದ್ದರೆ ಆ ಯಂತ್ರವನ್ನು ಇಂಟರ್ನೆಟ್‌ನಿಂದ ದೂರವಿಟ್ಟು ಆ ಕೆಲಸಕ್ಕೆ ಮಾತ್ರ ಬಳಸಿ.

ಈ) ಎಕ್ಸ್‌ಪಿ, ಅಥವಾ 1 ಜಿ.ಬಿ.ಯಷ್ಟೇ ರ‍್ಯಾಮ್ ಇದ್ದರೆ: ಇದಕ್ಕೆ ಏನನ್ನೂ ಕೊಳ್ಳಬೇಡಿ. ಇಂಟರ್ನೆಟ್ ತಂತಿ ತೆಗೆದುಬಿಡಿ. ಬೆರಳಚ್ಚು ಕಲಿಯಲು, ಹಾಡು ಕೇಳಲು ಇರಲಿ. ಹಾಲು ಬತ್ತಿದ ಮುದಿ ಹಸುವಿಗೆ ನಾವು ಹಾಲು ಹೆಚ್ಚಿಸುವ ಆಹಾರ ಕೊಡುವುದಿಲ್ಲ. ಹಾಗೆಂದು ಹೊಡೆದು ಅಟ್ಟುವುದೂ ಇಲ್ಲ.

ಕೊಳ್ಳಲೇಬೇಕೆಂದಾದರೆ

ಮಕ್ಕಳು ಬಳಸುವ ಜಾಲತಾಣಗಳನ್ನು ನಿಯಂತ್ರಿಸಬೇಕು, ತೊಂದರೆಯಾದಾಗ ದೂರವಾಣಿಯಲ್ಲಿ ಕೇಳಲು ಯಾರಾದರೂ ಇರಬೇಕು ಎನ್ನುವವರು ಕೊಳ್ಳಬಹುದು. ನಮ್ಮ ದೇಶದ್ದೇ ಆದ ಕಂಪನಿಗಳಿವೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಪಟ್ಟಣದ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಕಂಪ್ಯೂಟರ್‌ಗೆ ಒಂದು ವರ್ಷದ ಸಾಮಾನ್ಯ ಆವೃತ್ತಿ ಒಂದು ಚೀಲ ಪಶು ಆಹಾರದ ಬೆಲೆಯೊಳಗೇ ಸಿಗುತ್ತದೆ. ಅದಕ್ಕಿಂತ ಹೆಚ್ಚು ಹೇಳಿದರೆ ಯಾಕೆಂದು ಕೇಳಿ. ಕೊಳ್ಳುವ ಮುನ್ನ ಈ ಕೆಳಗಿನವುಗಳನ್ನು ಗಮನಿಸಿ:

1. ಪೆಟ್ಟಿಗೆಯ ಮೇಲೆ ಬರೆದಿರುವ ವಿಂಡೋಸ್ ಪಟ್ಟಿಯಲ್ಲಿ ನಿಮ್ಮದು ಇದೆಯೇ, ಬೇಕಾದ ರ‍್ಯಾಮ್ ಎಷ್ಟು ಎಂದು ನಿಮ್ಮ ಚೀಟಿಯೊಂದಿಗೆ ತಾಳೆ ನೋಡಿ.
2. ಹಳೆಯ ಯಂತ್ರಕ್ಕೆ ಮೂರು ವರ್ಷದ್ದು ಬೇಡ. ಯಂತ್ರವೇ ಅಷ್ಟು ದಿನ ಬಾಳದಿರಬಹುದು. ಒಂದು ವರ್ಷದ್ದು ಸಾಕು.
3. ‘ಟೋಟಲ್’, ‘ಪ್ರೀಮಿಯಂ’ ಎಂಬ ದೊಡ್ಡ ಹೆಸರಿನವುಗಳಲ್ಲಿ ಕೆಲಸಕ್ಕೆ ಬಾರದ ಹೆಚ್ಚುವರಿ ಭಾರ ಇರುತ್ತದೆ. ಹೆಸರಿಗೆ ತಕ್ಕಂತೆ ಯಂತ್ರ ನಿಧಾನವಾಗುತ್ತದೆ.
4. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗದೆ ಎರಡನೇ ವರ್ಷದ ನವೀಕರಣ ದರ ಕೇಳಿ. ಕಾರ್ಡ್‌ನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಯನ್ನು ನಿಲ್ಲಿಸಿಕೊಳ್ಳಿ.
5. ಮೊಹರು ಒಡೆಯದ ಪೆಟ್ಟಿಗೆ ಮತ್ತು ರಸೀದಿ ಪಡೆಯಿರಿ. ಚೀಟಿಯಲ್ಲಿ ಬರೆದುಕೊಡುವ ಕೀಲಿ ಸಂಖ್ಯೆ ಬೇಡ.
6. ಪ್ರಾಯೋಗಿಕ ಪ್ರತಿಯನ್ನು ಕಂಪನಿಯ ತಾಣದಿಂದಲೇ ಇಳಿಸಿಕೊಂಡು ಕೆಲವು ದಿನ ಬಳಸಿ ನೋಡಿ. ಯಂತ್ರ ತಡೆದುಕೊಂಡರೆ ಮಾತ್ರ ಹಣ ಕೊಡಿ.

ಅವಾಸ್ಟ್, ಎವಿಜಿ, ಅವಿರಾ, ಬಿಟ್‌ಡಿಫೆಂಡರ್ ಮುಂತಾದ ಹೊರದೇಶದ ಕಂಪನಿಗಳು ಉಚಿತ ಆವೃತ್ತಿಗಳನ್ನೂ ಕೊಡುತ್ತವೆ. ರಕ್ಷಣೆಯಲ್ಲಿ ಕೆಟ್ಟವಲ್ಲ. ಆದರೆ ಹಣ ಕೊಡುವ ಆವೃತ್ತಿಗೆ ಬನ್ನಿ ಎಂದು ಆಗಾಗ ಕರೆಯುವುದುಂಟು. ಇನ್ನೊಂದು ಎಚ್ಚರಿಕೆಯೂ ಬೇಕು. ಬಳಕೆದಾರರು ಯಾವ ತಾಣ ನೋಡಿದರೆಂಬ ವಿವರಗಳನ್ನು ಅಂಗಸಂಸ್ಥೆಯ ಮೂಲಕ ಮಾರಿದ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕೊಡಬೇಕೆಂದು ಆದೇಶಿಸಿತು. ಆ ಅಂಗಸಂಸ್ಥೆಯನ್ನು 2020ರಲ್ಲೇ ಮುಚ್ಚಲಾಗಿತ್ತು. ಪುಕ್ಕಟೆ ಹುಲ್ಲಿಗೂ ಯಾರೋ ಒಬ್ಬರು ಬೆಲೆ ಕಟ್ಟಿರುತ್ತಾರೆ.

ಸರ್ಕಾರದ ಉಚಿತ ಸಾಧನಗಳು

ಕೇಂದ್ರ ಸರ್ಕಾರವು 2017ರ ಫೆಬ್ರುವರಿಯಲ್ಲಿ ‘ಸೈಬರ್ ಸ್ವಚ್ಛತಾ ಕೇಂದ್ರ’ವನ್ನು ಆರಂಭಿಸಿತು. ಇದನ್ನು ಸರ್ಟ್-ಇನ್ ಸಂಸ್ಥೆ ನಡೆಸುತ್ತದೆ. ವೈರಸ್ ತಗುಲಿದ ಯಂತ್ರವನ್ನು ಶುಚಿ ಮಾಡುವ ಉಚಿತ ಸಾಧನಗಳನ್ನೂ, ಪೆನ್‌ಡ್ರೈವ್ ಬಳಕೆಯನ್ನು ನಿಯಂತ್ರಿಸುವ ‘ಯುಎಸ್‌ಬಿ ಪ್ರತಿರೋಧ್’ ಎಂಬ ತಂತ್ರಾಂಶವನ್ನೂ ಅದರ ತಾಣದ ಮೂಲಕ ಒದಗಿಸಲಾಗಿದೆ. ಇವು ಆಂಟಿವೈರಸ್‌ಗೆ ಬದಲಿ ಅಲ್ಲ, ಅದರ ಜೊತೆಗೆ ನೆರವಾಗುವಂಥವು.

ಲಸಿಕೆ ಮಾತ್ರ ಸಾಲದು

ಲಸಿಕೆ ಹಾಕಿಸಿದ ಮೇಲೂ ಕೊಟ್ಟಿಗೆ ತೊಳೆಯುತ್ತೇವೆ, ಸಂತೆಯಿಂದ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟುತ್ತೇವೆ. ಇಲ್ಲಿಯೂ ಅದೇ ಕ್ರಮ.

ಪೆನ್‌ಡ್ರೈವ್: ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವ್ ಸಂತೆಯ ರಾಸು ಇದ್ದಂತೆ. ಮನೆಯಲ್ಲಿ ಹಾಕಿದ ಕೂಡಲೇ ತೆರೆಯದೆ, ಬಲಗುಂಡಿ ಒತ್ತಿ ತಪಾಸಣೆ ಮಾಡಿ. ಕಡತಗಳಿದ್ದ ಜಾಗದಲ್ಲಿ ಪುಟ್ಟ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಂಡರೆ ಕ್ಲಿಕ್ ಮಾಡಲೇಬೇಡಿ. ನಿಮ್ಮ ಕಡತಗಳು ಸಾಮಾನ್ಯವಾಗಿ ಒಳಗೇ ಅಡಗಿರುತ್ತವೆ. ಆಂಟಿವೈರಸ್ ಓಡಿಸಿದ ಮೇಲೆ ತಿಳಿದವರಿಂದ ತೆಗೆಸಿಕೊಳ್ಳಬಹುದು.

ಸಂಘದ ಕಂಪ್ಯೂಟರ್: ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ವಿಶೇಷ ವಿನಂತಿ. ಮನೆಯ ಪೆನ್‌ಡ್ರೈವನ್ನು ಹಾಲು ಸಂಗ್ರಹಣೆಯ ಕಂಪ್ಯೂಟರ್‌ಗೆ ಹಾಕಬೇಡಿ. ಅದರಲ್ಲಿರುವುದು ಊರಿನವರೆಲ್ಲರ ಹಾಲಿನ ಲೆಕ್ಕ. ಸಂಘಕ್ಕೆಂದೇ ಒಂದು ಪೆನ್‌ಡ್ರೈವ್ ಬೇರೆ ಇಟ್ಟು ಅದರ ಮೇಲೆ ಹೆಸರು ಬರೆಯಿರಿ.

ನಕಲು ಪ್ರತಿ: ಮುಖ್ಯ ಕಡತಗಳನ್ನು ತಿಂಗಳಿಗೊಮ್ಮೆ ಬೇರೊಂದು ಪೆನ್‌ಡ್ರೈವ್ ಅಥವಾ ಡಿಸ್ಕ್‌ಗೆ ನಕಲು ಮಾಡಿ, ಕಂಪ್ಯೂಟರ್‌ನಿಂದ ಬಿಡಿಸಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ನಾನು ಈ ಒಂದು ಕೆಲಸ ಮಾಡಿದ್ದರೆ 2019ರಲ್ಲಿ ಏನೂ ಕಳೆದುಕೊಳ್ಳುತ್ತಿರಲಿಲ್ಲ.

ಸುಳ್ಳು ಎಚ್ಚರಿಕೆ: ‘ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್ ಇವೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆ ತುಂಬ ಬಂದರೆ ಅದು ಮೋಸ. ನಿಜವಾದ ಆಂಟಿವೈರಸ್ ಪರದೆ ತುಂಬಿಕೊಂಡು ದೂರವಾಣಿ ಸಂಖ್ಯೆಗೆ ಕರೆ ಮಾಡಿ ಎನ್ನುವುದಿಲ್ಲ. ಕರೆ ಮಾಡಬೇಡಿ, ಅವರು ಹೇಳಿದ ಯಾವುದನ್ನೂ ಹಾಕಿಕೊಳ್ಳಬೇಡಿ, ಒ.ಟಿ.ಪಿ. ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸದಸ್ಯರು ಕೇಳಿದ ಪ್ರಶ್ನೆಗಳು

ಪ್ರ: ನಮ್ಮ ಮನೆಯಲ್ಲಿ ಇಂಟರ್ನೆಟ್ ಇಲ್ಲ. ಆಂಟಿವೈರಸ್ ಬೇಕೇ?
ಉ: ಪೆನ್‌ಡ್ರೈವ್ ಬರುವ ಮನೆಗೆ ಬೇಕು. ಡಿಫೆಂಡರ್‌ನ ಹೊಸ ಗುರುತಿನ ಪಟ್ಟಿಯನ್ನು ಮೈಕ್ರೋಸಾಫ್ಟ್ ತಾಣದಿಂದ ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ತಂದು ಹಾಕಬಹುದು. ಮೊಬೈಲ್‌ನ ಹಾಟ್‌ಸ್ಪಾಟ್ ಕೊಟ್ಟರೆ ಇನ್ನೂ ಸುಲಭ.

ಪ್ರ: ಆಂಟಿವೈರಸ್ ಹಾಕಿದ ಮೇಲೆ ಯಂತ್ರ ನಿಧಾನವಾಗಿದೆ. ತೆಗೆದುಬಿಡಲೇ?
ಉ: ಎರಡು ಇವೆಯೇ ನೋಡಿ, ಒಂದನ್ನು ತೆಗೆಯಿರಿ. ಆಗಲೂ ಸರಿಹೋಗದಿದ್ದರೆ ತಿರುಗುವ ಹಳೆಯ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಹಣ ಹಾಕುವುದಿದ್ದರೆ ಮೊದಲು ಹಾಕಬೇಕಾದದ್ದು ಅದಕ್ಕೇ.

ಪ್ರ: ಕಡತಗಳಿಗೆ ಬೀಗ ಬಿದ್ದಾಗಿದೆ. ಏನು ಮಾಡಲಿ?
ಉ: ಇಂಟರ್ನೆಟ್ ಬಿಡಿಸಿ, ಪೆನ್‌ಡ್ರೈವ್‌ಗಳನ್ನು ತೆಗೆಯಿರಿ. ಹಣ ಕೊಡಬೇಡಿ. ಯೂರೋಪಿನ ಪೊಲೀಸ್ ಸಂಸ್ಥೆಗಳು ಮತ್ತು ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಇಂದು ಸಿಗದ ಕೀಲಿ ಮುಂದೆ ಸಿಗಬಹುದಾದ್ದರಿಂದ ಆ ಕಡತಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಕೊನೆಯಲ್ಲಿ

ಅಜ್ಜಿಯ ಮನೆಯ ಕಂಪ್ಯೂಟರ್‌ನಲ್ಲಿದ್ದದ್ದು ವಿಂಡೋಸ್ 10, 4 ಜಿ.ಬಿ. ರ‍್ಯಾಮ್. ಹಿಂದಿನ ಮಾಲೀಕರು ಹಾಕಿಸಿದ್ದ ಆಂಟಿವೈರಸ್‌ನ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹಸುವಿನ ಮೇಲೆ ಕಣ್ಣಿಟ್ಟುಕೊಂಡೇ ಹುಡುಗ ಅದನ್ನು ತೆಗೆದ. ಡಿಫೆಂಡರ್ ಎದ್ದಿತು, ಅಪ್‌ಡೇಟ್ ತರಿಸಿಕೊಂಡಿತು, ತಪಾಸಣೆಯಲ್ಲಿ ಪೆನ್‌ಡ್ರೈವ್‌ನಿಂದ ಬಂದಿದ್ದ ಕೆಲವು ಕಡತಗಳನ್ನು ಹಿಡಿದು ಬದಿಗಿಟ್ಟಿತು. ತೇಪೆಗಳ ಯೋಜನೆಗೂ ಹುಡುಗ ಸೇರಿಕೊಂಡ. ಬ್ಯಾಂಕ್ ಖಾತೆಯ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಾಯಿಸಲು ಹೇಳಿದೆ. ಖರ್ಚು ಆದದ್ದು ನಕಲು ಪ್ರತಿಗೆಂದು ಕೊಂಡ ಒಂದು ಪೆನ್‌ಡ್ರೈವ್ ಮಾತ್ರ. ಉಳಿದ ಬಟವಾಡೆ ಹಣದಲ್ಲಿ ಖನಿಜ ಮಿಶ್ರಣ ತನ್ನಿ, ಕರು ಹಾಕಿದ ಹಸುವಿಗೆ ಅದು ಬೇಕು ಎಂದು ಹೇಳಿ ಬಂದೆ.

ನಿಮ್ಮ ಮನೆಯಲ್ಲೂ ಈ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಆ ಮೂರು ವಿಷಯಗಳ ಚೀಟಿ ಬರೆಸಿ. ಚೀಟಿ ಇಲ್ಲದೆ ಅಂಗಡಿಗೆ ಹೋಗಬೇಡಿ.